ಅಂಕೋಲೆಯ ಮಳೆ, ವಾಲ್ತಮ್‌ಸ್ಟೋದ ಬೀದಿ

2024ರ ಆಗಸ್ಟ್ ಮೊದಲ ವಾರ ಊರಿನಿಂದ ಲಂಡನ್ನಿನಲ್ಲಿರುವ ನನಗೆ ಬಂದ ಮೆಸೇಜುಗಳೆಲ್ಲ ಒಂದೇ ತರ. "ನಿಮ್ಮಲ್ಲಿ ಗಲಾಟೆಯಂತೆ, ಆರಾಮಿದ್ದೀಯಾ?" ನಾನು ಊರಿಗೆ ಕಳಿಸುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ. "ಗುಡ್ಡದ ಬುಡದಲ್ಲಿ ನಿಲ್ಲಬೇಡಿ, ಎಲ್ಲ ಆರಾಮಿದ್ದೀರಾ?" ಆ ದಿನಗಳ ಬಗ್ಗೆ ಊರಿನವರಿಗೆ ಬರೆಯಬೇಕು ಅಂತ ಆಗಿನಿಂದ ಮನಸ್ಸಲ್ಲಿತ್ತು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಜುಲೈ 16ರ ಬೆಳಿಗ್ಗೆ ಗುಡ್ಡ ಕುಸಿದದ್ದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಹೆದ್ದಾರಿ 66ರ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ಲಾರಿ ನಿಲ್ಲಿಸಿದ್ದವರು ಮಣ್ಣಿನ ಜೊತೆ ಗಂಗಾವಳಿಗೆ ಹೋದರು. ಆಚೆ ದಡದ ಉಳುವರೆಯಲ್ಲಿ ಹೊಳೆಯೇ ಎದ್ದು ಮನೆಗಳಿಗೆ ನುಗ್ಗಿತು. ಹಾಗೆ ಹೋದ ಕೇರಳದ ಒಂದು ಲಾರಿ ನೀರಿನಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟು ದಿನ ಅದರ ಚಾಲಕನ ಮನೆಯವರು ಹೇಗೆ ಕಾದಿರಬೇಕು!

ದೂರ ಇರುವವರ ಕಷ್ಟ ಒಂದಿದೆ. ಸುದ್ದಿ ಕೂಡಲೇ ಸಿಗುತ್ತದೆ, ಕೈಯಿಂದ ಮಾತ್ರ ಏನೂ ಮಾಡಲಾಗುವುದಿಲ್ಲ. ಲಂಡನ್ನಿನಲ್ಲಿ ಕೂತು ಅದೇ ವಿಡಿಯೊವನ್ನು ಮತ್ತೆ ಮತ್ತೆ ನೋಡುತ್ತಿದ್ದೆ. ರೈಲಿನಲ್ಲೂ ಅದೇ, ಒಲೆಯ ಮುಂದೆಯೂ ಅದೇ.

ಅಷ್ಟರಲ್ಲಿ ಇಲ್ಲೇ ಬೆಂಕಿ ಬಿತ್ತು. ಜುಲೈ 29ರಂದು ಇಂಗ್ಲೆಂಡಿನ ಸೌತ್‌ಪೋರ್ಟ್ ಎಂಬ ಊರಿನಲ್ಲಿ, ಮಕ್ಕಳ ನೃತ್ಯ ತರಗತಿಗೆ ಒಬ್ಬ ಹುಡುಗ ನುಗ್ಗಿ ಚಾಕುವಿನಿಂದ ಮೂವರು ಪುಟ್ಟ ಹುಡುಗಿಯರನ್ನು ಕೊಂದ. ಕೊಂದವನು ದೋಣಿಯಲ್ಲಿ ಬಂದ ಮುಸ್ಲಿಂ ವಲಸಿಗ ಅಂತ ಸುಳ್ಳು ಸುದ್ದಿ ಹಬ್ಬಿತು. ಮಾರನೇ ದಿನ ಅಲ್ಲಿನ ಮಸೀದಿಗೆ ಕಲ್ಲು ಬಿತ್ತು. ಮುಂದೆ ಒಂದು ವಾರ ಊರಿಂದ ಊರಿಗೆ ಗಲಭೆ. ಲಿವರ್‌ಪೂಲಿನಲ್ಲಿ ಒಂದು ಗ್ರಂಥಾಲಯಕ್ಕೇ ಬೆಂಕಿ ಇಟ್ಟರು. ನಮ್ಮ ಬಣ್ಣದವರು ಸಂಜೆ ಹೊರಗೆ ಹೋಗಲು ಯೋಚಿಸುವ ಹಾಗಾಯಿತು.

ಆದರೆ ಸೌತ್‌ಪೋರ್ಟಿನಲ್ಲಿ ಗಲಾಟೆಯ ಮರುದಿನ ಬೆಳಿಗ್ಗೆ ನಡೆದದ್ದನ್ನೂ ಹೇಳಬೇಕು. ಅಲ್ಲಿನ ಜನ ಪೊರಕೆ, ಸಲಿಕೆ ಹಿಡಿದು ಬಂದರು. ಗಾಜು ಗುಡಿಸಿದರು. ಗಾರೆ ಕೆಲಸದವರು ಮಸೀದಿಯ ಕೆಡವಿದ ಗೋಡೆಯನ್ನು ಕಟ್ಟಿಕೊಟ್ಟರು. ಲಿವರ್‌ಪೂಲಿನ ಗ್ರಂಥಾಲಯಕ್ಕೂ ಜನ ದುಡ್ಡು ಸೇರಿಸಿದರು. ಡಿಸೆಂಬರಿನಲ್ಲಿ ಅದು ಮತ್ತೆ ತೆರೆಯಿತು. ಗೋಡೆ ಕಟ್ಟಿದವರ ಫೋಟೊ ನೋಡಿದ ಮೇಲೆ ನನಗೆ ಸುಮ್ನೆ ಫೋನ್ ಹಿಡಿದು ಕೂರಲು ಆಗಲಿಲ್ಲ.

ಆಗಸ್ಟ್ 6ರ ರಾತ್ರಿ ಇಲ್ಲಿ ಎಂಟೂವರೆ, ಊರಲ್ಲಿ 7ರ ನಡುರಾತ್ರಿ ಒಂದು ಗಂಟೆ. ಆ ಹೊತ್ತಿಗೆ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಕೋಡಿಬಾಗದಿಂದ ಸದಾಶಿವಗಡಕ್ಕೆ ಎಷ್ಟು ಸಲ ದಾಟಿದ ಸೇತುವೆ ಅದು. ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಉಳಿಸಿದರು. ಕತ್ತಲು, ಮಳೆಗಾಲದ ತುಂಬು ಹೊಳೆ. ಅವರು ಹಿಂದೆಮುಂದೆ ನೋಡಲಿಲ್ಲ ಅಲ್ವಾ?

ಅದೇ 7ರ ಸಂಜೆ, ಲಂಡನ್ನಿನಲ್ಲಿ ನಾನಿರುವ ವಾಲ್ತಮ್‌ಸ್ಟೋಗೆ ಗಲಭೆಕೋರರು ಬರುತ್ತಾರೆ ಅಂತ ಸುದ್ದಿ. ವಲಸಿಗರ ಕೇಸು ನಡೆಸುವ ವಕೀಲರ ಕಚೇರಿಗಳ ಪಟ್ಟಿಯೇ ಹರಿದಾಡುತ್ತಿತ್ತು. ಮಧ್ಯಾಹ್ನವೇ ಅಂಗಡಿಯವರು ಗಾಜಿಗೆ ಪ್ಲೈವುಡ್ ಹೊಡೆದರು. ಆಯಿಗೆ ಫೋನ್ ಮಾಡಿದೆ. ಅವಳು ಮೊದಲು ಕೇಳಿದ್ದು ಊಟ ಆಯ್ತಾ ಅಂತ. ಇಲ್ಲ ಅಂದೆ. "ಮೊದ್ಲು ಉಣ್ಣು. ಹೆದ್ರೋದು ಆಮೇಲೆ ಇದ್ದೇ ಇದೆ" ಅಂದಳು.

ಇಲ್ಲಿನ ಬೀದಿ ಮಾರುಕಟ್ಟೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉದ್ದ. ಅಲ್ಲಿಂದ ತಂದ ಬಂಗುಡೆ ಫ್ರಿಜ್ಜಿನಲ್ಲಿತ್ತು. ಊರಲ್ಲೂ ಆಗ ತಾನೇ ಮೀನುಗಾರಿಕೆ ನಿಷೇಧ ಮುಗಿದಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಕಾದ ದೋಣಿಗಳು ಹೊರಡುವ ಕಾಲ. ಕಾಯಿ ರುಬ್ಬಿ, ಆಯಿ ಕಳಿಸಿದ ತೆಪ್ಪಲ ಎಂಬ ಮಸಾಲೆಕಾಯಿ ಜಜ್ಜಿ ಹಾಕಿದೆ. ಸಾರು ಕುದಿಯುವಾಗ ಆ ವಾಸನೆ ಮನೆಯೆಲ್ಲ ತುಂಬಿತು. ಎಷ್ಟೋ ದಿನದ ಮೇಲೆ ಫೋನ್ ಬದಿಗಿಟ್ಟು, ಕುಚಲಕ್ಕಿ ಅನ್ನದ ಜೊತೆ ಹೊಟ್ಟೆ ತುಂಬ ಉಂಡೆ. ಇಂಥ ಹೊತ್ತಲ್ಲಿ ಬಾಯಿರುಚಿ ಬೇಕಾ ಅಂತ ಯಾರಾದರೂ ಕೇಳಬಹುದು. ಬೇಕು. ಉಂಡಿದ್ದಕ್ಕೇ ಮುಂದಿನದ್ದಕ್ಕೆ ಹೊರಡಲು ಧೈರ್ಯ ಬಂತು.

ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಬಾಗಿಲು ತಟ್ಟಿದರು. ತನಗೂ ಹೆದರಿಕೆ, ಒಟ್ಟಿಗೆ ಹೋಗೋಣ ಅಂದರು. ಹೋ ಸ್ಟ್ರೀಟ್‌ಗೆ ಹೋಗಿ ನೋಡಿದರೆ ಸಾವಿರಾರು ಜನ. ಡೋಲು, ಹಾಡು, ಹೆಗಲ ಮೇಲೆ ಮಕ್ಕಳು. ಗಲಭೆಕೋರರ ಗುಂಪು ಕಾಣಿಸಲೇ ಇಲ್ಲ. ಯಾರೋ ಸಮೋಸಾ ಹಂಚಿದರು. ಆ ಸಂಜೆ ನನಗೆ ಈ ಊರು ನಂದೂ ಹೌದು ಅನಿಸಿತು.

ಅಲ್ಲಿ ನಿಂತಾಗ ಬಡಗೇರಿಯ ಸುಕ್ರಿ ಬೊಮ್ಮಗೌಡ ನೆನಪಾದರು. ನಮಗೆಲ್ಲ ಸುಕ್ರಜ್ಜಿ. ಹಾಲಕ್ಕಿ ಸಮುದಾಯದ ಹಾಡುಗಳ ಭಂಡಾರ ಅಂತ 2017ರಲ್ಲಿ ಪದ್ಮಶ್ರೀ ಕೊಟ್ಟರು. ಆದರೆ ಅವರು ಬರೀ ಹಾಡುವವರಲ್ಲ. ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ಹೋರಾಡಿದವರು. ಹಾಡೂ ಹೋರಾಟವೂ ಅವರಿಗೆ ಬೇರೆ ಬೇರೆ ಇರಲಿಲ್ಲ. 2025ರ ಫೆಬ್ರವರಿಯಲ್ಲಿ ಅವರು ಹೋದರು ಎಂದು ಕೇಳಿ ತುಂಬಾ ಅತ್ತೆ. ಶಿರಸಿಯ ಕಡೆ 1983ರಲ್ಲಿ ಸಾಲ್ಕಣಿಯ ಜನ ಕಡಿಯುವುದನ್ನು ತಡೆಯಲು ಕಾಡಿಗೆ ಹೋಗಿ ಮರ ಅಪ್ಪಿಕೊಂಡಾಗಲೂ ಹೀಗೇ. ಅಪ್ಪಿಕೋ ಚಳವಳಿ ಪಾದಯಾತ್ರೆ, ಬೀದಿನಾಟಕಗಳ ಮೂಲಕವೇ ಊರೂರಿಗೆ ಹೋಯಿತು. ನಮ್ಮ ಜಿಲ್ಲೆಯವರು ನಗುನಗುತ್ತಲೇ ಹಟ ಹಿಡಿಯುತ್ತಾರೆ. ಅದಕ್ಕೇ ಬೇಗ ಸುಸ್ತಾಗುವುದಿಲ್ಲ ಅಂತ ನನ್ನ ನಂಬಿಕೆ.

ಊರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ: ಭಾರತದ ಪಾಸ್‌ಪೋರ್ಟ್ ಇದ್ದರೂ, ಕಾಮನ್‌ವೆಲ್ತ್ ದೇಶದವರೆಂದು, ಕಾನೂನುಬದ್ಧವಾಗಿ ಇಲ್ಲಿ ವಾಸಿಸುವವರು ಇಲ್ಲಿನ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. 2024ರ ಜುಲೈ 4ರಂದು ನಾನೂ ಹಾಕಿದೆ. ಗುರುತಿಗೆ ನಮ್ಮ ಪಾಸ್‌ಪೋರ್ಟೇ ಸಾಕಾಯಿತು. ನಮ್ಮ ವಾರ್ಡಿನ ಕೌನ್ಸಿಲರ್ ಆಗಾಗ ಗ್ರಂಥಾಲಯದಲ್ಲಿ ಬಂದು ಕೂರುತ್ತಾರೆ, ಯಾರು ಬೇಕಾದರೂ ಹೋಗಿ ಮಾತಾಡಬಹುದು. ಶಾಲೆಯ ಹತ್ತಿರ ರಸ್ತೆ ದಾಟಲು ಪಟ್ಟೆ ಬೇಕು ಅಂತ ಆ ಅಜ್ಜಿಯೂ ನಾನೂ ಈಗ ಸಹಿ ಸಂಗ್ರಹಿಸುತ್ತಿದ್ದೇವೆ.

ಊರಿಗೂ ದೂರದಿಂದ ಮಾಡುವ ಕೆಲಸ ಇದೆ. ಜಿಲ್ಲೆಗೆ ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ 2019ರಲ್ಲಿ ಟ್ವಿಟರಿನಲ್ಲಿ ಕೂಗು ಎದ್ದಾಗ ಹೊರಗಿದ್ದ ನಾವೂ ದನಿಗೂಡಿಸಿದೆವು. ತಲೆಗೆ ಪೆಟ್ಟು ಬಿದ್ದವರನ್ನು ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಒಯ್ಯುವ ಸಂಕಟ ಗೊತ್ತಿರುವವರು ನಾವು. ಬೇರೆ ದೇಶದ ಪೌರತ್ವ ಪಡೆಯದವರು ನಮೂನೆ 6ಎ ತುಂಬಿ ಊರಿನ ಮತದಾರರ ಪಟ್ಟಿಗೂ ಸೇರಬಹುದು. ಮತ ಹಾಕಲು ಮಾತ್ರ ಊರಿಗೇ ಬರಬೇಕು.

ಈಗ ನನ್ನ ತಲೆಯಲ್ಲಿ ಇರುವುದು ಅಕ್ಕನ ಊರಿನ ಗುಡ್ಡ. ರಸ್ತೆಗಾಗಿ ಬುಡವನ್ನು ನೇರಕ್ಕೆ ಕಡಿದಿದ್ದಾರೆ. ಬುಡದ ಆಸರೆ ಹೋದ ಇಳಿಜಾರಿಗೆ ಮಳೆನೀರು ಇಂಗಿದರೆ ಮಣ್ಣು ಭಾರವಾಗುತ್ತದೆ, ಹಿಡಿತ ಸಡಿಲಾಗುತ್ತದೆ. ಮೇಲಿನ ನೀರು ಬದಿಗೆ ಹರಿದು ಹೋಗಲು ಕಾಲುವೆಯಾದರೂ ಬೇಕು. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಲೇಬೇಕು ಅಂತ ಕಾನೂನಿದೆ. ಕಳೆದ ಸಭೆಗೆ ಅಕ್ಕ ನೆರೆಯ ಹೆಂಗಸರನ್ನು ಕರೆದುಕೊಂಡು ಹೋದಳು. ಹೋಗುವ ಮೊದಲು ಎಲ್ಲರೂ ಅವಳ ಜಗುಲಿಯಲ್ಲಿ ಅವಲಕ್ಕಿ, ಚಹಾ ಮುಗಿಸಿದರಂತೆ. ಅರ್ಜಿ ನಾನು ಇಲ್ಲಿಂದ ಟೈಪ್ ಮಾಡಿ ಕಳಿಸಿದ್ದೆ, ಫೋಟೊ ಅವಳದ್ದು. "ಠರಾವಿನಲ್ಲಿ ಬರೆಯೋವರೆಗೂ ಏಳಲಿಲ್ಲ ನಾವು" ಅಂತ ಖುಷಿಯಿಂದ ಹೇಳಿದಳು.

ಕಾಲುವೆ ಇನ್ನೂ ಆಗಿಲ್ಲ. ಮುಂದಿನ ಸಭೆಯ ನೋಟಿಸ್ ಹಾಕಿದ ಕೂಡಲೇ ಅಕ್ಕ ತಿಳಿಸುತ್ತಾಳೆ. ಠರಾವು ಏನಾಯಿತು ಅಂತ ಈ ಸಲ ಕೇಳಬೇಕು. ನಿಮ್ಮ ಊರಲ್ಲೂ ಹೀಗೆ ಕಡಿದ ಗುಡ್ಡ ಇದ್ದರೆ ಹೇಳಿ, ನಮ್ಮ ಅರ್ಜಿಯ ಪ್ರತಿ ಕಳಿಸುತ್ತೇನೆ. ಊರಿನ ಹೆಸರು ಬದಲಿಸಿದರೆ ಸಾಕು.