ಟೋಪಿ ತಿನ್ನುತ್ತೇನೆ ಅಂದವರು

ರಾತ್ರಿ ನಿದ್ದೆ ಬರದೆ ಸುಮ್ನೆ ಮೊಬೈಲ್ ಹಿಡಿದವನು ಬ್ರಿಟನ್ನಿನ ರಾಜಕಾರಣಿ ಪ್ಯಾಡಿ ಆಶ್‌ಡೌನ್ ಬಗ್ಗೆ ಓದುತ್ತಾ ಒಂದು ಗಂಟೆ ಕಳೆದೆ. ಹುಟ್ಟಿದ್ದು 1941ರಲ್ಲಿ, ನವದೆಹಲಿಯಲ್ಲಿ. ಬೆಳೆದದ್ದು ಉತ್ತರ ಐರ್ಲೆಂಡಿನಲ್ಲಿ. ನಿಜವಾದ ಹೆಸರು ಜೆರೆಮಿ, ಆದರೆ ಇಂಗ್ಲೆಂಡಿನ ಶಾಲೆಗೆ ಸೇರಿದಾಗ ಅವರ ಐರಿಶ್ ಮಾತಿನ ಧಾಟಿ ಕೇಳಿ ಹುಡುಗರು ಪ್ಯಾಡಿ (ಐರಿಶ್ ಜನರನ್ನು ಛೇಡಿಸುವ ಹೆಸರು) ಅಂತ ರೇಗಿಸಿದರಂತೆ, ಅದೇ ಕೊನೆಯವರೆಗೂ ಅಂಟಿಕೊಂಡಿತು.

ಬ್ರಿಟನ್ ನೌಕಾಪಡೆಯ ಸೈನಿಕ ದಳವಾದ ರಾಯಲ್ ಮರೀನ್ಸ್‌ನಲ್ಲಿ ಹದಿಮೂರು ವರ್ಷ, ಅದರಲ್ಲೂ ನೀರಿನೊಳಗೆ ಈಜಿ ಹೋಗಿ ಕೆಲಸ ಮುಗಿಸಿ ಬರುವ ವಿಶೇಷ ಪಡೆ. ಮಧ್ಯದಲ್ಲಿ ಹಾಂಗ್‌ಕಾಂಗ್‌ನಲ್ಲಿ ಚೀನೀ ಭಾಷೆ ಬೇರೆ ಕಲಿತರು! ಆಮೇಲೆ ಜಿನೀವಾದಲ್ಲಿ ಒಳ್ಳೆ ಸರ್ಕಾರಿ ನೌಕರಿ. ಅದನ್ನೂ ಬಿಟ್ಟು ಇಂಗ್ಲೆಂಡಿನ ಯೋವಿಲ್ ಅನ್ನೋ ಊರಿಗೆ ಬಂದು, ಅಲ್ಲಿ ಗೆಲ್ಲುವ ಲಕ್ಷಣವೇ ಇಲ್ಲದ ಲಿಬರಲ್ ಪಕ್ಷ ಹಿಡಿದು, ಒಂದು ಚುನಾವಣೆ ಸೋತು, ನಡುವೆ ಕೆಲಸವೂ ಇಲ್ಲದೆ ಕೂತು, 1983ರಲ್ಲಿ ಗೆದ್ದು ಸಂಸದರಾದರು. ಮನೆಯವರು ಏನಂದಿರಬಹುದು ಅಂತ ನನಗೆ ಕುತೂಹಲ.

ಆ ಪಕ್ಷ ಇನ್ನೊಂದರ ಜೊತೆ ಸೇರಿ ಹುಟ್ಟಿದ ಲಿಬರಲ್ ಡೆಮಾಕ್ರಾಟ್ ಪಕ್ಷಕ್ಕೆ 1988ರಿಂದ 1999ರವರೆಗೆ ನಾಯಕ, 1997ರಲ್ಲಿ 46 ಸೀಟು. ಮಂತ್ರಿ ಮಾತ್ರ ಆಗಲೇ ಇಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು 2015ರ ಸಂಸತ್ ಚುನಾವಣೆಯ ಕಥೆ. ಮತದಾನ ಮುಗಿದ ರಾತ್ರಿ ಟಿವಿಯಲ್ಲಿ ಎಕ್ಸಿಟ್ ಪೋಲ್ ಬಂತು, ಪಕ್ಷಕ್ಕೆ ಬರೀ 10 ಸೀಟು ಅಂತ. ಇದು ನಿಜವಾದರೆ ನನ್ನ ಟೋಪಿಯನ್ನೇ ತಿನ್ನುತ್ತೇನೆ ಅಂದರು ಆಶ್‌ಡೌನ್; ಇದು ಆಗೋ ಮಾತೇ ಅಲ್ಲ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಹಾಗೆ ಹೇಳುತ್ತಾರೆ. ಬಂದದ್ದು 8! ಮರುದಿನ ಇನ್ನೊಂದು ಕಾರ್ಯಕ್ರಮದಲ್ಲಿ ತಿನ್ನುವ ಟೋಪಿ ಒಂದನ್ನು ತಂದು ಅವರ ಮುಂದಿಟ್ಟರು. ರಾಜಕಾರಣಿಗಳು ಟೋಪಿ ಹಾಕುವುದನ್ನು ನೋಡಿದ್ದೇವೆ, ತಿನ್ನುತ್ತೇನೆ ಅಂದವರು ಇವರೊಬ್ಬರೇ ಅಲ್ವಾ?