ಮರ ಕಡಿಯುವ ಯಂತ್ರದ ಸೀಟಿನಲ್ಲಿ ಕೂತವನ ಕೆಲಸ ಹೋಗುತ್ತಾ?

ಹಾರ್ವೆಸ್ಟರ್ ನಡೆಸುವುದು ನನ್ನ ಕೆಲಸ. ಬೂಮಿನ, ಅಂದರೆ ಯಂತ್ರದ ಉದ್ದ ತೋಳಿನ, ತುದಿಯಲ್ಲಿರುವ ಹೆಡ್ ಮರದ ಬುಡ ಹಿಡಿದು ಕೊಯ್ಯುತ್ತದೆ, ಮಲಗಿಸುತ್ತದೆ, ಕೊಂಬೆ ಸವರುತ್ತದೆ, ಅಳೆದು ದಿಮ್ಮಿ ಮಾಡಿ ಪಕ್ಕಕ್ಕೆ ಹಾಕುತ್ತದೆ. ಕೈ ಪಳಗಿದವರಿಗೆ ಸಾಧಾರಣ ಮರಕ್ಕೆ ಒಂದು ನಿಮಿಷವೂ ಬೇಡ. ಹೊಸದಾಗಿ ಕಲಿಯಲು ಬರುವವರು ಮೊದಲು ಕೇಳುವುದು ಒಂದೇ ಮಾತು: "ಇದನ್ನೆಲ್ಲ ಇನ್ನು ಯಂತ್ರವೇ ಮಾಡುತ್ತಂತಲ್ಲ, ಕಲಿತು ಏನು ಪ್ರಯೋಜನ?"

ಭಯ ಸುಮ್ನೆ ಹುಟ್ಟಿದ್ದಲ್ಲ. 2013ರಲ್ಲಿ ಆಕ್ಸ್‌ಫರ್ಡ್‌ನ ಫ್ರೇ ಮತ್ತು ಆಸ್ಬೋರ್ನ್ ಎಂಬ ಇಬ್ಬರು ಸಂಶೋಧಕರು 702 ಬಗೆಯ ಕೆಲಸಗಳನ್ನು ಸಾಲಾಗಿ ಇಟ್ಟು, ಅಮೆರಿಕದ ಉದ್ಯೋಗದಲ್ಲಿ ಶೇಕಡಾ 47ರಷ್ಟು ಯಂತ್ರದ ಪಾಲಾಗುವ ದೊಡ್ಡ ಅಪಾಯದಲ್ಲಿದೆ ಎಂದು ಅಂದಾಜು ಮಾಡಿದರು. ನಮ್ಮ ಕೆಲಸವೂ ಆ ಪಟ್ಟಿಯಲ್ಲಿತ್ತು. ಓದಿದ ದಿನ ನನಗೂ ನಿದ್ದೆ ಬರಲಿಲ್ಲ.

ಆದರೆ ಇಷ್ಟು ವರ್ಷ ಸೀಟಿನಲ್ಲಿ ಕೂತು ನಾನು ಕಂಡದ್ದು ಬೇರೆ. ಯಂತ್ರ ಒಂದೇ ದಿನ ಬಂದು ನಮ್ಮನ್ನು ಕೆಳಗಿಳಿಸುವುದಿಲ್ಲ. ಕೆಲಸವನ್ನು ಚೂರು ಚೂರಾಗಿ ತೆಗೆದುಕೊಳ್ಳುತ್ತದೆ, ಹೋದದ್ದು ನಮಗೆ ಗೊತ್ತೇ ಆಗುವುದಿಲ್ಲ.

ಮೊದಲು ಬೂಮಿನ ಒಂದೊಂದು ಕೀಲನ್ನೂ ಬೇರೆ ಬೇರೆಯಾಗಿ ಆಡಿಸಬೇಕಿತ್ತು. ಎರಡು ಕೈಯಲ್ಲಿ ಎರಡು ಜಾಯ್‌ಸ್ಟಿಕ್, ಬೆರಳುಗಳಿಗೆಲ್ಲ ಬಟನ್ನು, ಅದು ಮೈಗೂಡಲು ವರ್ಷಗಳೇ ಬೇಕಾಗುತ್ತಿದ್ದವು. ಆಮೇಲೆ ಬೂಮಿನ ತುದಿ ಎಲ್ಲಿಗೆ ಹೋಗಬೇಕು ಅಂತ ತೋರಿಸಿದರೆ ಸಾಕು, ಕೀಲುಗಳ ಲೆಕ್ಕ ಕಂಪ್ಯೂಟರ್ ನೋಡಿಕೊಳ್ಳುವ ವ್ಯವಸ್ಥೆ ಬಂತು. ಜಾನ್ ಡಿಯರ್ ಕಂಪನಿ 2013ರಲ್ಲಿ ಮೊದಲು ಫಾರ್ವರ್ಡರ್‌ಗಳಿಗೆ, ಅಂದರೆ ದಿಮ್ಮಿ ಹೊರುವ ಗಾಡಿಗಳಿಗೆ, ಇದನ್ನು ತಂದಿತು. ದಿಮ್ಮಿ ಎಷ್ಟು ಉದ್ದಕ್ಕೆ ಕೊಯ್ಯಬೇಕು ಅನ್ನುವುದನ್ನಂತೂ ಅದಕ್ಕೂ ಬಹಳ ಮುಂಚೆಯೇ ಕಂಪ್ಯೂಟರ್‌ಗೆ ಬಿಟ್ಟಿದ್ದೆವು. ಬೆಲೆ ಪಟ್ಟಿ ಹಾಕಿಕೊಟ್ಟರೆ ಯಾವ ಮರದಲ್ಲಿ ಯಾವ ಅಳತೆ ಜಾಸ್ತಿ ದುಡ್ಡು ತರುತ್ತದೆ ಅಂತ ಅದೇ ಹೇಳುತ್ತದೆ.

ನಾನು ಅದನ್ನು ಕಣ್ಣು ಮುಚ್ಚಿ ನಂಬಿದೆ. ಅಲ್ಲೇ ಎಡವಿದ್ದು.

ಹೆಡ್ಡಿನಲ್ಲಿ ಹಲ್ಲಿರುವ ಒಂದು ಪುಟ್ಟ ಚಕ್ರ ಇರುತ್ತದೆ. ಮರ ಜಾರಿ ಹೋಗುವಾಗ ಅದು ತೊಗಟೆಗೆ ಕಚ್ಚಿಕೊಂಡು ಉರುಳುತ್ತದೆ, ಉರುಳಿದ ಲೆಕ್ಕದಿಂದ ಉದ್ದ ಗೊತ್ತಾಗುತ್ತದೆ. ಹಲ್ಲು ಸವೆದರೆ ಚಕ್ರ ಸಣ್ಣದಾಗುತ್ತದೆ, ಒಂದು ಮೀಟರಿಗೆ ಜಾಸ್ತಿ ಸುತ್ತು ಹಾಕುತ್ತದೆ. ಕಂಪ್ಯೂಟರ್ ಮಾತ್ರ ಹಳೇ ಲೆಕ್ಕದಲ್ಲೇ ಇರುತ್ತದೆ. ದಿನವೂ ಒಂದೆರಡು ಮರದ ದಿಮ್ಮಿಗಳನ್ನು ಟೇಪು, ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ಕೈಯಾರೆ ಅಳೆದು ನೋಡಬೇಕು ಅಂತ ನಿಯಮ ಇದೆ. ಎರಡು ವಾರ ನಾನು ಕೆಳಗೆ ಇಳಿಯಲೇ ಇಲ್ಲ. ಪರದೆ ಮೇಲೆ ಪ್ರತಿ ದಿಮ್ಮಿಯೂ 4.5 ಮೀಟರ್ ಅಂತಲೇ ಬರುತ್ತಿತ್ತು, ಇನ್ನೇನು ನೋಡುವುದು ಅಂದುಕೊಂಡೆ. ಸಾಮಿಲ್‌ನಿಂದ ಫೋನು ಬಂದಾಗ ಗೊತ್ತಾಯಿತು, ಬಂದ ದಿಮ್ಮಿಗಳೆಲ್ಲ 6 ಸೆಂಟಿಮೀಟರ್ ಗಿಡ್ಡ. ಹಲಗೆಯ ಅಳತೆಗೆ ಸಾಲದ ದಿಮ್ಮಿ ಕಡಿಮೆ ಬೆಲೆಗೆ ಹೋಗುತ್ತದೆ. ಮತ್ತೆ ಬೆಳೆಸುವ ವಸ್ತುವಲ್ಲ ಅದು, ಅಷ್ಟು ವರ್ಷ ಬೆಳೆದ ಮರ. ಅಷ್ಟೂ ದಿಮ್ಮಿ ಸಾಲುಗಳ ಮುಂದೆ ಟೇಪು ಹಿಡಿದು ನಿಂತಾಗ ನನಗೆ ಹೊಟ್ಟೆಯಲ್ಲಿ ಸಂಕಟ.

ಅವತ್ತಿನಿಂದ ನಾನು ಲೆಕ್ಕ ಹಾಕುವುದೇ ಬೇರೆ. ಕೈಯಾಡಿಸುವ ಕೆಲಸ ಹೋಗುತ್ತದೆ, ಹೋಗಲಿ. ನೋಡುವ ಕೆಲಸವನ್ನು ಮಾತ್ರ ನಾವಾಗಿಯೇ ಬಿಟ್ಟುಕೊಡಬಾರದು. ಬುಡ ಕೊಯ್ದ ಕ್ಷಣ ನಡುವೆ ಕಂದು ಬಣ್ಣದ ಮಚ್ಚೆ ಕಂಡರೆ ಒಳಗೆ ಕೊಳೆತಿದೆ ಅಂತ ಅರ್ಥ. ಚಕ್ರಕ್ಕೆ ಅದು ಕಾಣಿಸುವುದಿಲ್ಲ, ಒಳ್ಳೆ ಮರದ ಹಾಗೇ ಅಳೆದುಕೊಂಡು ಹೋಗುತ್ತದೆ. ತಡೆದು, ಕೊಳೆತ ತುಂಡನ್ನು ಬೇರೆ ಹಾಕುವುದು ನಾನು. ತೋಪು ತೆಳುವು ಮಾಡುವಾಗ, ಅಂದರೆ ನಡುನಡುವೆ ಕೆಲವು ಮರ ಕಡಿದು ಉಳಿದವಕ್ಕೆ ಜಾಗ ಮಾಡುವಾಗ, ಯಾವ ಮರ ಉಳಿಸಬೇಕು, ಪಕ್ಕದ ಮರದ ತೊಗಟೆ ಕೆತ್ತದ ಹಾಗೆ ಇದನ್ನು ಎತ್ತ ಬೀಳಿಸಬೇಕು, ಹಸಿ ನೆಲದಲ್ಲಿ ಇನ್ನೊಂದು ಸಲ ಗಾಡಿ ಹೋದರೆ ಬೇರು ಹರಿಯುತ್ತಾ, ಇವೆಲ್ಲ ಒಂದೇ ನೋಟದಲ್ಲಿ ತೀರ್ಮಾನ ಆಗಬೇಕು. ಕ್ಯಾಮೆರಾಗಳು ಇದನ್ನೂ ಕಲಿಯುತ್ತಿವೆ, ಇಲ್ಲ ಅನ್ನುವುದಿಲ್ಲ. ನನ್ನ ಅಂದಾಜಿನಲ್ಲಿ ಫಾರ್ವರ್ಡರ್ ಮೊದಲು ಚಾಲಕನಿಲ್ಲದೆ ಓಡುತ್ತದೆ, ಏಕೆಂದರೆ ಅದು ಅದೇ ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ಬರುವುದು. ಆಗ ಒಬ್ಬರೇ ಕೂತು ಎರಡು ಮೂರು ಗಾಡಿ ನೋಡಿಕೊಳ್ಳಬೇಕಾಗುತ್ತದೆ, ಉಳಿದವರ ಸೀಟು ಹೋಗುತ್ತದೆ. ಇದನ್ನು ಕಲಿಯುವವರಿಂದ ಮುಚ್ಚಿಡುವುದು ತಪ್ಪು.

ಎಲ್ಲಾ ಕಡೆ ಮನುಷ್ಯನೇ ಕೂರಬೇಕು ಅಂತಲೂ ನಾನು ಹೇಳುವುದಿಲ್ಲ. ಕೊಯ್ಯುವಾಗ ಗರಗಸದ ಚೈನು ಕಿತ್ತರೆ ಅದರ ಕೊಂಡಿ ಗುಂಡಿನ ಹಾಗೆ ಹಾರುತ್ತದೆ, ಕ್ಯಾಬಿನ್ನಿಗೆ ಗಾಜಿನ ಬದಲು ದಪ್ಪ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಕುವುದು ಅದಕ್ಕೇ. ನ್ಯೂಜಿಲೆಂಡಿನಲ್ಲಿ ಕಡಿದಾದ ಇಳಿಜಾರಿನಲ್ಲಿ ಯಂತ್ರವನ್ನು ದೂರದಿಂದ ನಡೆಸುವ ಪ್ರಯತ್ನ ಮಾಡಿದ್ದಾರೆ. ಅಂಥ ಜಾಗದಿಂದ ಮನುಷ್ಯ ಹೊರಗೆ ಬಂದರೆ ಒಂದು ಜೀವ ಉಳಿಯುತ್ತದೆ, ಅಲ್ವಾ?

ಈಗ ನನ್ನ ಜೊತೆ ಕಲಿಯುವ ಹುಡುಗನಿಗೆ ಮೊದಲ ವಾರ ಜಾಯ್‌ಸ್ಟಿಕ್ ಕೊಡುವುದಿಲ್ಲ, ಟೇಪು ಕೊಡುತ್ತೇನೆ. ಮೊನ್ನೆ ಅವನು ಅಳೆದು ಬಂದು, "ಪರದೆಯಲ್ಲಿ ಇರೋದಕ್ಕಿಂತ 2 ಸೆಂಟಿಮೀಟರ್ ಕಡಿಮೆ ಇದೆ" ಅಂದ. ಇಂಜಿನ್ ಆಫ್ ಮಾಡಿ ಇಬ್ಬರೂ ಹೋಗಿ ಚಕ್ರ ನೋಡಿದೆವು. ಎರಡು ಹಲ್ಲು ಮೊಂಡಾಗಿತ್ತು.