ಯಂತ್ರ ಇದ್ದರೆ ಸೈನ್ಸ್ ಫಿಕ್ಷನ್, ಮಂತ್ರ ಇದ್ದರೆ ಫ್ಯಾಂಟಸಿ, ಅಷ್ಟೇನಾ?

ನಾನು ಎರಡೂ ಬಗೆಯ ಕಥೆ ಓದುತ್ತೇನೆ ಅಂತ ಗೊತ್ತಾದವರು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಯಂತ್ರ, ಮಂತ್ರ ಬರೀ ಹೊರಗಿನ ವೇಷ. ಕಥೆಯಲ್ಲಿ ಆದ ಬದಲಾವಣೆಯನ್ನು ಅಳಿಸಿಹಾಕಬಹುದಾ ಅಂತ ಕೇಳಿ ನೋಡಿ. ವ್ಯತ್ಯಾಸ ಅಲ್ಲಿ ಕಾಣುತ್ತದೆ.

ಯಾರ ಕಣ್ಣಿಗೂ ಬೀಳದೆ ಓಡಾಡುವ ಆಸೆಯನ್ನೇ ತೆಗೆದುಕೊಳ್ಳಿ. 1897ರಲ್ಲಿ ಎಚ್.ಜಿ. ವೆಲ್ಸ್ ಬರೆದ 'ದಿ ಇನ್ವಿಸಿಬಲ್ ಮ್ಯಾನ್' ಕಾದಂಬರಿಯಲ್ಲಿ ಗ್ರಿಫಿನ್ ಎಂಬ ವಿಜ್ಞಾನಿ ಬೆಳಕಿನ ವಕ್ರೀಭವನದ, ಅಂದರೆ ಬೆಳಕು ಬಾಗುವುದರ, ಬೆನ್ನುಹತ್ತಿ ಮಾಯವಾಗುತ್ತಾನೆ. ಆದರೆ ಮಾಯವಾಗುವುದು ಮೈ ಮಾತ್ರ, ಬಟ್ಟೆಯಲ್ಲ. ಹಾಗಾಗಿ ಲಂಡನ್ನಿನ ಜನವರಿ ಚಳಿಯಲ್ಲಿ ಬರಿಮೈಯಲ್ಲಿ ತಿರುಗಬೇಕು. ತಿಂದದ್ದು ಅರಗುವ ತನಕ ಹೊಟ್ಟೆಯೊಳಗೆ ಕಾಣುತ್ತದೆ. ಕೆಸರು ಹೆಜ್ಜೆಯ ಜಾಡು ಹಿಡಿದು ಬೀದಿ ಹುಡುಗರು ಹಿಂದೆ ಬೀಳುತ್ತಾರೆ. ನಾಯಿಗಳಿಗೆ ಮೂಗು ಸಾಕು, ಕಣ್ಣು ಬೇಡ. ವೆಲ್ಸ್ ಒಂದು ತಾಪತ್ರಯವನ್ನೂ ಬಿಡುವುದಿಲ್ಲ. ನನಗೆ ಅದೇ ಬಹಳ ಇಷ್ಟ.

1954–55ರಲ್ಲಿ ಬಂದ ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಒಂದು ಮಂತ್ರದ ಉಂಗುರ ಇದೆ, ಅದನ್ನು ತೊಟ್ಟವನು ಬಟ್ಟೆ ಸಮೇತ ಮಾಯ. ಹೇಗೆ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತೊಟ್ಟವನ ಮನಸ್ಸು ಏನಾಗುತ್ತದೆ ಅನ್ನುವುದೇ ಅಲ್ಲಿನ ಚಿಂತೆ. ಗ್ಯಾಂಡಾಲ್ಫ್‌ನಂಥ ಒಳ್ಳೆಯ ಮಾಂತ್ರಿಕನೂ ಅದನ್ನು ಬೇಡ ಅನ್ನುತ್ತಾನೆ. ಒಳ್ಳೆಯದು ಮಾಡಬೇಕೆಂಬ ಆಸೆಯೇ ತನ್ನನ್ನು ಕೆಡಿಸುತ್ತದೆ ಅಂತ ಅವನಿಗೆ ಗೊತ್ತು.

ಈಗ ಎರಡರ ಕೊನೆ ನೋಡಿ. ಉಂಗುರ ಹುಟ್ಟಿದ ಬೆಂಕಿಗೇ ಬಿದ್ದು ಕರಗುತ್ತದೆ, ಅದರ ಶಕ್ತಿ ಅಲ್ಲಿಗೆ ಮುಗಿಯಿತು. ಗ್ರಿಫಿನ್ ಸಾಯುತ್ತಾನೆ, ಆದರೆ ಅವನ ಮೂರು ಟಿಪ್ಪಣಿ ಪುಸ್ತಕಗಳು ಉಳಿಯುತ್ತವೆ. ಅವನ್ನು ಕದ್ದವನು ಈಗ ಒಂದು ಹೆಂಡದಂಗಡಿ ನಡೆಸುತ್ತಾನೆ. ಬಾಗಿಲು ಹಾಕಿಕೊಂಡು ಪುಟ ತಿರುವುತ್ತಾನೆ, ಒಂದಕ್ಷರವೂ ಅರ್ಥವಾಗುವುದಿಲ್ಲ. ಆದರೂ ಬಿಡುವುದಿಲ್ಲ. ವಸ್ತುವನ್ನು ನಾಶ ಮಾಡಬಹುದು, ಆದರೆ ಒಮ್ಮೆ ತಿಳಿದುಕೊಂಡದ್ದನ್ನು ಏನು ಮಾಡುವುದು? 1945ರ ನಂತರ ಅಣುಬಾಂಬಿನ ಬಗ್ಗೆ ಜಗತ್ತು ಕೇಳುತ್ತಿರುವುದೂ ಇದನ್ನೇ ಅಲ್ವಾ?

ಹಾಗಂತ ಫ್ಯಾಂಟಸಿಯಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ, ಅದು ಸುಮ್ನೆ ಹಳೇ ಕಾಲದ ಹಂಬಲ ಅಂದರೆ ನಾನು ಒಪ್ಪುವುದಿಲ್ಲ. ಉಂಗುರದ ಜೊತೆಗೇ ಎಲ್ಫ್‌ ಎಂಬ ಸಾವಿಲ್ಲದ ಜನರ ಒಳ್ಳೆಯ ಉಂಗುರಗಳೂ ಶಕ್ತಿ ಕಳೆದುಕೊಳ್ಳುತ್ತವೆ, ಅವರು ಊರು ಬಿಟ್ಟು ಹೋಗುತ್ತಾರೆ. ಉಂಗುರವನ್ನು ಬೆಂಕಿಯ ತನಕ ಹೊತ್ತೊಯ್ದ ಫ್ರೋಡೋ ಮನೆಗೆ ಮರಳುವ ಹೊತ್ತಿಗೆ ಅವನ ನಾಡಾದ ಶೈರ್‌ನ ಮರಗಳನ್ನು ಕಡಿದುಹಾಕಿರುತ್ತಾರೆ. ಅವನ ಜೊತೆಗಾರ ಸ್ಯಾಮ್ ಊರ ತುಂಬ ಹೊಸ ಸಸಿ ನೆಡುತ್ತಾನೆ. ಫ್ರೋಡೋನ ಗಾಯ ಮಾತ್ರ ಮಾಯುವುದೇ ಇಲ್ಲ.

ಯಾವುದರಿಂದ ಶುರು ಮಾಡಲಿ ಅಂತ ಕೇಳುವವರಿಗೆ ನಾನು ವೆಲ್ಸ್ ಅನ್ನೇ ಹೇಳುವುದು. ಪುಸ್ತಕ ಚಿಕ್ಕದು. ಗ್ರಿಫಿನ್ ಸತ್ತಮೇಲೆ ಬರುವ ಉಪಸಂಹಾರವನ್ನು ಮಾತ್ರ ಬಿಡದೆ ಓದಿ.